ತೆರೆದ ಕೋಡ್, ಬಾರದ ಅಕ್ಷರ
ಗೂಗಲ್ ಮತ್ತು ಅದರ ಒಕ್ಕೂಟದವರು ಆಂಡ್ರಾಯ್ಡಿನ ಸೋರ್ಸ್ ಕೋಡನ್ನು 2008ರ ಅಕ್ಟೋಬರ್ 21ರಂದು ಬಿಡುಗಡೆ ಮಾಡಿದರು. ಲಿನಕ್ಸ್ ಕರ್ನಲ್ ಬಿಟ್ಟರೆ ಬಹುಪಾಲಿಗೆ ಅಪಾಚೆ ಲೈಸೆನ್ಸ್: ಯಾರೂ ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ತಮ್ಮಲ್ಲೇ ಇಟ್ಟುಕೊಂಡು ಮಾರಲೂಬಹುದು. ಫೋನ್ ಕಂಪನಿಗಳು ಮುಗಿಬಿದ್ದದ್ದು ಇದಕ್ಕೇ ಅಂತ ನನ್ನ ಅಂದಾಜು.

ನಮ್ಮದು ಕಾಸರಗೋಡು ನೋಡಿ, ಕನ್ನಡವೂ ಬೇಕು, ಮಲಯಾಳವೂ ಬೇಕು. ನನ್ನ ಮೊದಲ ಆಂಡ್ರಾಯ್ಡ್ ಫೋನಿನಲ್ಲಿ ಎರಡೂ ಬರೀ ಚೌಕದ ಡಬ್ಬಿಗಳು! 1956ರಲ್ಲಿ ಗಡಿ ಎಳೆದವರೂ ನಮ್ಮನ್ನು ಇಷ್ಟು ಸಮನಾಗಿ ಕಂಡಿರಲಿಲ್ಲ ಬಿಡಿ.

ಕನ್ನಡ, ತೆಲುಗು, ಮಲಯಾಳ ಲಿಪಿಗಳು ಮೂಲ ವ್ಯವಸ್ಥೆಗೇ ಸೇರಿದ್ದು 2012ರ 4.1 ಆವೃತ್ತಿಯಲ್ಲಿ. ನನ್ನ ಫೋನಿಗೆ ಅದನ್ನು ತಯಾರಕರು ಕಳಿಸಲೇ ಇಲ್ಲ. ಕೋಡ್ ಎಲ್ಲರಿಗೂ ತೆರೆದಿತ್ತು, ಹ್ಯಾಂಡ್‌ಸೆಟ್ಟಿನ ಬೀಗ ಮಾತ್ರ ಅವರ ಕೈಯಲ್ಲಿತ್ತು. ಮಂಗಳೂರಿನಿಂದ ಅಕ್ಕ ಕನ್ನಡದಲ್ಲಿ ಬರೆದದ್ದನ್ನು ಇನ್ನೊಂದು ವರ್ಷ ಕಂಪ್ಯೂಟರಿನಲ್ಲೇ ಓದಿದೆ.