ಕನ್ನಡ ರೌಡಿ ಚಿತ್ರಗಳಲ್ಲಿ ಪ್ರೇಮ ಮತ್ತು ಕುಟುಂಬನಿಷ್ಠೆ

ಭೂಗತ ಲೋಕವನ್ನು ಕಥಾವಸ್ತುವಾಗಿ ಮಾಡಿಕೊಂಡ ಕನ್ನಡ ಚಲನಚಿತ್ರಗಳನ್ನು ಪ್ರೇಕ್ಷಕರು ‘ರೌಡಿಸಂ ಸಿನಿಮಾ’ ಎಂದೋ ‘ಲಾಂಗು-ಮಚ್ಚಿನ ಸಿನಿಮಾ’ ಎಂದೋ ಕರೆಯುತ್ತಾರೆ. 1995ರ ‘ಓಂ’ ಚಿತ್ರದಿಂದ ಇದು ಸ್ಪಷ್ಟ ರೂಪ ಪಡೆದ ಒಂದು ಪ್ರಕಾರ. ಹಿಂದಿಯ ಗ್ಯಾಂಗ್‌ಸ್ಟರ್ ಚಿತ್ರಗಳ ಹಾಗೆ ಇಲ್ಲಿಯೂ ನಾಯಕನನ್ನು ಎಳೆದಾಡುವವರು ತಾಯಿ, ಪ್ರೇಯಸಿ ಮತ್ತು ಒಡಹುಟ್ಟಿದವರಂತೆ ಜೊತೆಗಿರುವ ಗೆಳೆಯರು. ಆದರೆ ಆ ಎಳೆತದ ಸ್ವರೂಪ ಬೇರೆ. ಹಿಂದಿ ಚಿತ್ರದಲ್ಲಿ ಕುಟುಂಬವು ರೌಡಿಯ ಮೇಲೆ ತೀರ್ಪು ಕೊಡುತ್ತದೆ. ಕನ್ನಡ ಚಿತ್ರದಲ್ಲಿ ಅದು ಅವನ ಮೇಲೆ ಸಾಲ ಹೊರಿಸುತ್ತದೆ. ಈ ವ್ಯತ್ಯಾಸಕ್ಕೆ ಭಾವುಕತೆಯ ಪ್ರಮಾಣ ಕಾರಣವಲ್ಲ, ಊರಿಗೂ ಬೆಂಗಳೂರಿಗೂ ನಡುವಿನ ದೂರ ಕಾರಣ ಎಂಬುದು ಇಲ್ಲಿನ ವಾದ.

ಹಿಂದಿಯ ಮಾದರಿಯನ್ನು ಮೊದಲು ನೋಡಬೇಕು. ‘ಮದರ್ ಇಂಡಿಯಾ’ದಲ್ಲಿ (1957) ದಾರಿ ತಪ್ಪಿದ ಮಗನಿಗೆ ಗುಂಡಿಕ್ಕುವವಳು ತಾಯಿಯೇ. ಸಲೀಂ-ಜಾವೇದ್ ಬರೆದು ಯಶ್ ಚೋಪ್ರಾ ನಿರ್ದೇಶಿಸಿದ ‘ದೀವಾರ್’ನಲ್ಲಿ (1975) ಕಳ್ಳಸಾಗಣೆಯ ಮಗನನ್ನು ಬಿಟ್ಟು ಪೊಲೀಸ್ ಮಗನ ಮನೆಗೆ ತಾಯಿ ಹೊರಡುತ್ತಾಳೆ, ತಾಯಿ ಯಾರ ಬಳಿ ಇದ್ದಾಳೆ ಎಂಬುದೇ ಇಬ್ಬರ ಜಗಳವನ್ನು ತೀರ್ಮಾನಿಸುತ್ತದೆ. ‘ವಾಸ್ತವ್’ (1999) ಮತ್ತೆ ತಾಯಿಯ ಕೈಗೆ ಪಿಸ್ತೂಲು ಕೊಡುತ್ತದೆ. ಮುಂಬಯಿಯ ಚಾಳಿನಲ್ಲಿ ಮಗ ತರುವ ದುಡ್ಡು, ಅವನ ಸಹವಾಸ, ಬಾಗಿಲಿಗೆ ಬರುವ ಪೊಲೀಸರು, ಎಲ್ಲವೂ ತಾಯಿಯ ಕಣ್ಣೆದುರಿಗೇ ಇವೆ. ಕಂಡವಳು ತೀರ್ಪು ಕೊಡಲೇಬೇಕಾಗುತ್ತದೆ. ಪ್ರೇಮದ ವಿಷಯದಲ್ಲಿ ಮಾತ್ರ ಹಿಂದಿ ಚಿತ್ರ ಇಷ್ಟು ನಿಶ್ಚಿತವಾಗಿಲ್ಲ. ‘ಪರಿಂದಾ’ (1989) ಮದುವೆಯ ರಾತ್ರಿಯೇ ಗಂಡಹೆಂಡಿರನ್ನು ಕೊಲ್ಲಿಸುತ್ತದೆ. ‘ಸತ್ಯಾ’ದ (1998) ನಾಯಕ ತನ್ನ ಕಸುಬನ್ನು ಪ್ರೇಯಸಿಯಿಂದ ಮುಚ್ಚಿಟ್ಟೇ ಬದುಕುತ್ತಾನೆ.

ಕನ್ನಡದಲ್ಲಿ ‘ಓಂ’ಗಿಂತ ಮೊದಲೂ ಅಪರಾಧ ಲೋಕದ ಚಿತ್ರಗಳಿದ್ದವು. ರಾಜೇಂದ್ರಸಿಂಗ್ ಬಾಬು ಅವರ ‘ಅಂತ’ದಲ್ಲಿ (1981) ಅಂಬರೀಷ್ ಪೊಲೀಸ್ ಅಧಿಕಾರಿಯೂ ಹೌದು, ಅವನನ್ನೇ ಹೋಲುವ ಪಾತಕಿ ಕನ್ವರ್‌ಲಾಲನೂ ಹೌದು. ಅಲ್ಲಿ ಪಾತಕಿಗಳಿಗೆ ಮನೆಯೆಂಬುದಿಲ್ಲ. ಮನೆ ಇರುವುದು ಅಧಿಕಾರಿಗೆ, ಅದನ್ನು ಹಾಳು ಮಾಡುವುದು ಗುಂಪಿನ ಕೆಲಸ. ಉಪೇಂದ್ರ ನಿರ್ದೇಶನದ ‘ಓಂ’ ಈ ಗೆರೆಯನ್ನು ಅಳಿಸಿತು. ನಾಯಕ ಸತ್ಯ ಅರ್ಚಕರ ಮಗ. ಅವನು ಮಚ್ಚು ಹಿಡಿಯಲು ಕಾರಣ ಪ್ರೀತಿಸಿದ ಹುಡುಗಿ. ನಿಜ ಜೀವನದ ಕೆಲವು ರೌಡಿಗಳೇ ತೆರೆಯ ಮೇಲೆ ಬಂದದ್ದು ಆ ಕಾಲಕ್ಕೆ ದೊಡ್ಡ ಸುದ್ದಿಯಾಯಿತು. ಅದಕ್ಕಿಂತ ಗಮನಿಸಬೇಕಾದ ಸಂಗತಿ ಇನ್ನೊಂದಿದೆ: ಚಿತ್ರವನ್ನು ನಿರ್ಮಿಸಿದವರು ಪಾರ್ವತಮ್ಮ ರಾಜ್‌ಕುಮಾರ್, ಅಂದರೆ ತಾಯಿ-ಮಗ, ಅಣ್ಣ-ತಮ್ಮಂದಿರ ಮರ್ಯಾದಸ್ಥ ಕೌಟುಂಬಿಕ ಚಿತ್ರಗಳಿಗೆ ಹೆಸರಾದ ಮನೆತನ. ಕನ್ನಡದ ರೌಡಿ ಚಿತ್ರವು ಕೌಟುಂಬಿಕ ಚಿತ್ರವನ್ನು ಓಡಿಸಿ ಬಂದದ್ದಲ್ಲ, ಅದರ ಹೊಟ್ಟೆಯಲ್ಲೇ ಹುಟ್ಟಿದ್ದು.

ಊರಿನ ದೂರ ಕಥೆಯ ನಡುಮಧ್ಯಕ್ಕೆ ಬಂದದ್ದು ಪ್ರೇಮ್ ಅವರ ‘ಜೋಗಿ’ಯಲ್ಲಿ (2005). ಹಳ್ಳಿಯ ಮಾದೇಶ ದುಡಿಯಲು ಬೆಂಗಳೂರಿಗೆ ಬಂದು, ಬಯಸದೆಯೇ ಭೂಗತ ಲೋಕದ ದೊಡ್ಡ ಹೆಸರಾಗುತ್ತಾನೆ. ಅರುಂಧತಿ ನಾಗ್ ನಟಿಸಿದ ತಾಯಿ ಅವನನ್ನು ಹುಡುಕಿಕೊಂಡು ಬರುತ್ತಾಳೆ. ಇಬ್ಬರೂ ಅದೇ ನಗರದಲ್ಲಿದ್ದೂ ಎದುರಾಗುವುದಿಲ್ಲ. ಕೊನೆಗೆ ಯಾರದೋ ಅನಾಥ ಹೆಣ ಎಂದುಕೊಂಡು ಮಗ ಕುಣಿಯುವುದು ತಾಯಿಯ ಶವದ ಮುಂದೆಯೇ. ಈ ತಾಯಿಗೆ ಮಗ ಏನಾಗಿದ್ದಾನೆ ಎಂಬುದು ತಿಳಿಯುವುದೇ ಇಲ್ಲ. ತಿಳಿಯದವಳು ತೀರ್ಪು ಕೊಡುವುದಾದರೂ ಹೇಗೆ? ಅವಳಿಗೆ ಸಲ್ಲಬೇಕಾದದ್ದು ಸಲ್ಲದೇ ಉಳಿಯುತ್ತದೆ, ಚಿತ್ರದ ದುಃಖವೆಲ್ಲ ಅಲ್ಲಿದೆ. ‘ದುನಿಯಾ’ದ (2007) ಶಿವಲಿಂಗು ಕೂಡ ತಾಯಿಯನ್ನು ಕಳೆದುಕೊಂಡು ನಗರಕ್ಕೆ ಬಂದ ಕಲ್ಲುಕೆಲಸದವನೇ. ಈ ದೂರ ತೆರೆಯಾಚೆಗೂ ಇದೆ: ಸಕಲೇಶಪುರ ತಾಲ್ಲೂಕಿನ ಹಾನುಬಾಳಿನಂಥ ಹೋಬಳಿ ಕೇಂದ್ರದಿಂದ ಬೆಂಗಳೂರು ಇನ್ನೂರು ಕಿಲೋಮೀಟರಿಗೂ ಆಚೆ. ಮಕ್ಕಳನ್ನು ಅಲ್ಲಿಗೆ ದುಡಿಯಲು ಕಳಿಸಿ ಕುಳಿತ ಮನೆಗಳು ಇಂಥ ಚಿತ್ರಗಳನ್ನು ನೋಡುವುದು ತಾಯಿಯ ಕಡೆಯಿಂದ. ಮಗ ಏನು ಮಾಡಿದ ಎನ್ನುವುದಕ್ಕಿಂತ ಯಾವಾಗ ಬರುತ್ತಾನೆ ಎಂಬುದೇ ಅಲ್ಲಿಯ ಪ್ರಶ್ನೆ.

ಇದಕ್ಕೊಂದು ಆಕ್ಷೇಪ ಏಳುವುದು ಸಹಜ. ತಾಯಿ ಸೆಂಟಿಮೆಂಟ್ ಇಲ್ಲದ ಕನ್ನಡ ಸಿನಿಮಾ ಯಾವುದಿದೆ, ಅದನ್ನು ರೌಡಿ ಚಿತ್ರಕ್ಕೇ ಏಕೆ ಅಂಟಿಸಬೇಕು? ಸೆಂಟಿಮೆಂಟ್ ಎಲ್ಲ ಕಡೆ ಇದೆ, ನಿಜ. ಆದರೆ ‘ಜೋಗಿ’ಯಿಂದ ತಾಯಿಯನ್ನು ತೆಗೆದರೆ ಕಥೆಯೇ ಉಳಿಯುವುದಿಲ್ಲ, ಹೊಡೆದಾಟವನ್ನು ತೆಗೆದರೆ ಉಳಿಯುತ್ತದೆ. ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯದು: ‘ಓಂ’ನ ಮನೆ ದೂರದಲ್ಲಿಲ್ಲ, ಅರ್ಚಕ ತಂದೆ ಕಣ್ಣೆದುರಿಗೇ ಇದ್ದಾನೆ. ಇದನ್ನು ಒಪ್ಪಲೇಬೇಕು. ಮನೆಯ ಶೀಲ ಅಲ್ಲಿ ಮಗನನ್ನು ಅಳೆಯುತ್ತಲೇ ಇರುತ್ತದೆ, ಆ ಮಟ್ಟಿಗೆ ‘ಓಂ’ ಹಿಂದಿಯ ಮಾದರಿಗೆ ಹತ್ತಿರ. ‘ಓಂ’ ಹಿಂದಿಗೆ ‘ಅರ್ಜುನ್ ಪಂಡಿತ್’ (1999) ಆಗಿ ಹೋಯಿತು. ‘ಜೋಗಿ’ 2007ರಲ್ಲಿ ತೆಲುಗು ಮತ್ತು ತಮಿಳಿನಲ್ಲಿ ಮರುನಿರ್ಮಾಣವಾಯಿತು. ಇಷ್ಟರಿಂದಲೇ ಏನನ್ನೂ ಸಾಧಿಸಿ ತೋರಿಸಲಾಗದು, ಆದರೂ ಈ ಹಂಚಿಕೆ ವಾದಕ್ಕೆ ವಿರುದ್ಧವಾಗಿಲ್ಲ. ಹಾಗಾದರೆ ದೇಶದುದ್ದಕ್ಕೂ ಗೆದ್ದ ‘ಕೆಜಿಎಫ್’ (2018, 2022)? ಪ್ರಶಾಂತ್ ನೀಲ್ ಅಲ್ಲಿ ತಾಯಿಯನ್ನು ಮೊದಲೇ ಸಾಯಿಸಿಬಿಡುತ್ತಾರೆ. ಬಡವನಾಗಿ ಸಾಯಬಾರದೆಂದು ಆಕೆ ಪಡೆದ ಮಾತೇ ನಾಯಕ ರಾಕಿಯನ್ನು ಮುಂಬಯಿಗೂ ಚಿನ್ನದ ಗಣಿಗೂ ಅಟ್ಟುತ್ತದೆ. ಸತ್ತ ತಾಯಿಯಷ್ಟು ದೂರದವಳು ಇನ್ನಾರಿದ್ದಾಳೆ? ಅವಳು ಮಗನನ್ನು ತಡೆಯಲಾರಳು, ತಿದ್ದಲಾರಳು. ಕೊಟ್ಟ ಮಾತು ಮಾತ್ರ ಬಡ್ಡಿ ಸಮೇತ ಬೆಳೆಯುತ್ತದೆ.

ವಾಸ್ತವದ ಭೂಗತ ಲೋಕಕ್ಕೂ ಈ ಮನೆಯ ಕಥೆಗಳಿಗೂ ಸಂಬಂಧವಿಲ್ಲ, ಇದೆಲ್ಲ ಸಿನಿಮಾದವರ ಕಲ್ಪನೆ ಎನ್ನುವವರಿಗೆ ‘ಆ ದಿನಗಳು’ (2007) ಉತ್ತರ. ಒಂದು ಕಾಲಕ್ಕೆ ಭೂಗತ ಲೋಕದಲ್ಲೇ ಇದ್ದ ಅಗ್ನಿ ಶ್ರೀಧರ್ ಅವರ ‘ದಾದಾಗಿರಿಯ ದಿನಗಳು’ ಕೃತಿಯನ್ನು ಆಧರಿಸಿ, ಗಿರೀಶ ಕಾರ್ನಾಡರೂ ಚಿತ್ರಕಥೆಯಲ್ಲಿ ಕೈಜೋಡಿಸಿ, ಕೆ.ಎಂ. ಚೈತನ್ಯ ನಿರ್ದೇಶಿಸಿದ ಚಿತ್ರವಿದು. 1986ರಲ್ಲಿ ನಡೆದ, ರೌಡಿ ಕೊತ್ವಾಲ್ ರಾಮಚಂದ್ರನ ಕೊಲೆ ಇದರ ಕೇಂದ್ರ. ಶ್ರೀಮಂತ ತಂದೆಯೊಬ್ಬ ಮಗನ ಪ್ರೇಮವನ್ನು ಮುರಿಯಲು ಕೊತ್ವಾಲನ ಮೊರೆಹೋಗುತ್ತಾನೆ, ಮಗ ಕೊತ್ವಾಲನ ವೈರಿಗಳನ್ನು ಸೇರುತ್ತಾನೆ. ಇಲ್ಲಿ ರೌಡಿಗೆ ಮನೆಯಿಲ್ಲ. ಮನೆಗೇ ರೌಡಿ ಬೇಕಾಗಿದ್ದಾನೆ. ಅಪ್ಪ ತಾನು ಹೇಳಿ ನಡೆಸಲಾಗದ್ದನ್ನು ಮಚ್ಚಿನಿಂದ ಹೇಳಿಸುತ್ತಾನೆ. ಮುಂಬಯಿ ಚಿತ್ರಗಳು ಗ್ಯಾಂಗನ್ನು ಕುಟುಂಬದ ವೈರಿಯಾಗಿಯೇ ಕಂಡರೆ, ‘ಆ ದಿನಗಳು’ ಅದನ್ನು ಕುಟುಂಬದ ಆಳಾಗಿ ತೋರಿಸಿತು. ಈ ಪ್ರಕಾರದ ಅತ್ಯಂತ ಪ್ರಾಮಾಣಿಕ ಚಿತ್ರ ಇದೇ.

ರಕ್ತಸಂಬಂಧ ಹಿಂದೆ ಸರಿದ ಕಡೆ ಗೆಳೆತನ ಆ ಜಾಗಕ್ಕೆ ಬರುತ್ತದೆ. ರಾಜ್ ಬಿ. ಶೆಟ್ಟಿ ಅವರ ‘ಗರುಡ ಗಮನ ವೃಷಭ ವಾಹನ’ದಲ್ಲಿ (2021) ಮಂಗಳೂರಿನ ಹರಿ ಮತ್ತು ಶಿವ ಒಡಹುಟ್ಟಿದವರಲ್ಲ, ಅನಾಥ ಹುಡುಗನಿಗೆ ಹರಿಯ ತಾಯಿ ಅನ್ನ ಹಾಕಿದ್ದಾಳೆ, ಆ ಅನ್ನದ ಋಣವೇ ಮುಂದೆ ಕೊಲೆಗಳವರೆಗೆ ಎಳೆಯುತ್ತದೆ. ಶ್ರೀಧರ್ ಅವರದೇ ಕೃತಿಯಿಂದ ಸುಮನಾ ಕಿತ್ತೂರು ನಿರ್ದೇಶಿಸಿದ ‘ಎದೆಗಾರಿಕೆ’ (2012) ದೂರದ ಲೆಕ್ಕವನ್ನೇ ತಿರುಗಿಸಿತು. ಅದುವರೆಗೆ ಹಳ್ಳಿ ನಗರಕ್ಕೆ ಹೋಗುತ್ತಿತ್ತು. ಇಲ್ಲಿ ಮುಂಬಯಿಯ ಹಂತಕನನ್ನು ಮುಗಿಸಲು ಸಕಲೇಶಪುರದ ಮಲೆಗೆ ಕರೆತರುತ್ತಾರೆ. ಸಾಯಬೇಕಾದವನ ಮೇಲೆ ಕೊಲ್ಲಬೇಕಾದವನಿಗೆ ಆಪ್ತತೆ ಹುಟ್ಟುತ್ತದೆ. ಆದರೂ ಬಾಸ್‌ಗೆ ಕೊಟ್ಟ ಮಾತು ಇದ್ದೇ ಇದೆ.

ಪ್ರೇಮದ ವಿಷಯದಲ್ಲಿ ಮಾತ್ರ ಈ ಪ್ರಕಾರವನ್ನು ಸಮರ್ಥಿಸುವುದು ಕಷ್ಟ. ‘ಓಂ’ನ ಸತ್ಯ ತಾನು ಕೆಟ್ಟದ್ದಕ್ಕೆ ಹುಡುಗಿಯನ್ನು ಹೊಣೆ ಮಾಡಿ ಅವಳನ್ನು ಕಾಡುತ್ತಾನೆ, ಪ್ರೇಕ್ಷಕರು ಶಿಳ್ಳೆ ಹೊಡೆಯುತ್ತಾರೆ, ‘ಕರಿಯ’ದಲ್ಲಿ (2003) ಒಮ್ಮುಖ ಪ್ರೇಮವೇ ಬಂಡವಾಳ. ತಾಯಿಗೆ ಮಗ ಸಾಲಗಾರನಾದರೆ ಪ್ರೇಯಸಿ ಅವನಿಗೆ ಸಾಲಗಾರಳು, ಅವನು ಸುರಿಸಿದ ರಕ್ತಕ್ಕೆ ಅವಳು ಒಲಿಯಬೇಕು. ಇದನ್ನು ಕಾಲದ ರುಚಿ ಎಂದು ತಳ್ಳಿಹಾಕಬಹುದಿತ್ತು. ಆದರೆ ‘ಕೆಜಿಎಫ್’ನ ರೀನಾಳಿಗೂ ಚಿತ್ರಕಥೆ ಕೊಟ್ಟ ಕೆಲಸ ಮೊದಲು ಬೇಡವೆನ್ನುವುದು, ಆಮೇಲೆ ಒಲಿಯುವುದು, ಕೊನೆಗೆ ಸಾಯುವುದು. ‘ಸ್ಲಂ ಬಾಲ’ (2008) ಮತ್ತು ‘ಎದೆಗಾರಿಕೆ’ಗಳನ್ನು ಮಹಿಳೆಯೇ ನಿರ್ದೇಶಿಸಿದರೂ ಅವುಗಳ ಕಣ್ಣು ಗಂಡಸರ ಮೇಲೆಯೇ ನೆಟ್ಟಿತ್ತು. ರೌಡಿಯ ಹೆಂಡತಿ ಏನನ್ನು ಕಂಡಳು, ಏನು ತೀರ್ಪು ಕೊಟ್ಟಳು ಎಂಬುದನ್ನು ಈ ಪ್ರಕಾರದ ಹೆಸರಾಂತ ಚಿತ್ರಗಳಲ್ಲಿ ಒಂದೂ ತನ್ನ ಕಥೆಯಾಗಿ ಮಾಡಿಕೊಂಡಿಲ್ಲ.