ಹಚ್ಚೆಯ ಸೂಜಿ ಮತ್ತು ಒತ್ತಕ್ಷರ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ದೂರವಾಣಿ ಮಾಡಿ, "ಸಾರ್, ಮಗಳು ಬಿ.ಕಾಂ. ಮುಗಿಸಿದ್ದಾಳೆ. ಈಗ ಬೆಂಗಳೂರಿನಲ್ಲಿ ಟ್ಯಾಟೂ ಹಾಕುವುದನ್ನು ಕಲಿಯುತ್ತೇನೆಂದು ಹಟ ಹಿಡಿದಿದ್ದಾಳೆ. ನೀವಾದರೂ ನಾಲ್ಕು ಬುದ್ಧಿಮಾತು ಹೇಳಿ" ಎಂದರು. ಆಗಲಿ ಎಂದೆನಾದರೂ, ಈ ವಿಷಯದಲ್ಲಿ ಬುದ್ಧಿ ಹೇಳುವ ಅಧಿಕಾರ ನನಗಿಲ್ಲವೆಂಬುದು ಕೂಡಲೇ ನೆನಪಾಯಿತು. ಏಕಿಲ್ಲವೆಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಪದದ ಮಾತು. ಮೇಷ್ಟರ ಚಟ ಸುಲಭಕ್ಕೆ ಬಿಡುವುದಿಲ್ಲ. ಹಳಗನ್ನಡದ 'ಪ'ಕಾರ ನಡುಗನ್ನಡದ ಕಾಲಕ್ಕೆ 'ಹ'ಕಾರವಾದುದನ್ನು ನೀವೆಲ್ಲ ನನ್ನ ತರಗತಿಯಲ್ಲಿ ಉರು ಹೊಡೆದಿದ್ದೀರಿ: ಪಾಲು ಹಾಲಾಯಿತು, ಪೂ ಹೂವಾಯಿತು. ಹಾಗೆಯೇ ಪಚ್ಚೆ ಹಚ್ಚೆಯಾಯಿತು. ತಮಿಳರು ಇಂದಿಗೂ 'ಪಚ್ಚೈ ಕುತ್ತುವುದು' ಎನ್ನುತ್ತಾರೆ. ಚುಚ್ಚುವ ಮಸಿ ಕಪ್ಪಾದರೂ ಅದು ಚರ್ಮದ ಎರಡನೆಯ ಪದರದಲ್ಲಿ ನಿಂತಿರುತ್ತದೆ. ಮೇಲಿನ ಪದರದ ಮೂಲಕ ನೋಡುವ ಕಣ್ಣಿಗೆ ಹಸಿರುನೀಲಿಯಾಗಿ ತೋರುತ್ತದೆ. ಟ್ಯಾಟೂ ಎಂಬ ಮಾತು ಪಾಲಿನೇಷಿಯಾದ 'ತತೌ' ಎಂಬುದರಿಂದ ಬಂದದ್ದು. 1769ರಲ್ಲಿ ತಹೀತಿ ದ್ವೀಪಕ್ಕೆ ಹೋದ ಕ್ಯಾಪ್ಟನ್ ಕುಕ್‌ನ ಹಡಗಿನವರು ಅದನ್ನು ಇಂಗ್ಲಿಷಿಗೆ ಹೊತ್ತು ತಂದರು. ಕಲೆಯಂತೂ ಹೆಸರಿಗಿಂತ ಎಷ್ಟೋ ಹಳೆಯದು. 1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ದೊರೆತ, ಸುಮಾರು 5300 ವರ್ಷ ಹಿಂದಿನ ಮನುಷ್ಯನ ಮೈಮೇಲೆ ಮಸಿಯ ಹಚ್ಚೆಗುರುತುಗಳು 61 ಇವೆ.

ನಮ್ಮಜ್ಜಿಯ ಎಡ ಮುಂಗೈಯಲ್ಲಿ ಒಂದು ತೊಟ್ಟಿಲಿತ್ತು, ಹಣೆಯಲ್ಲಿ ಒಂದು ಬೊಟ್ಟು. ಸತ್ತ ಮೇಲೆ ಒಡವೆಗಳನ್ನೆಲ್ಲ ಬಿಚ್ಚಿಕೊಳ್ಳುತ್ತಾರೆ, ಇದೊಂದೇ ಜೊತೆಗೆ ಬರುವುದು ಎನ್ನುತ್ತಿದ್ದಳು. ಸುಗ್ಗಿ ಮುಗಿದ ಮೇಲೆ ಕೊರವಂಜಿ ಊರಿಗೆ ಬರುವಳು. ದೀಪದ ಮಸಿಯನ್ನು ಸೊಪ್ಪಿನ ರಸದಲ್ಲಿ ಕಲಸಿ, ಮೂರು ನಾಲ್ಕು ಸೂಜಿಗಳನ್ನು ದಾರದಿಂದ ಬಿಗಿದು, ಹಾಡುತ್ತ ಚುಚ್ಚುವಳು. ಹಾಡು ಸೊಗಸಿಗಲ್ಲ, ಹುಡುಗಿಯ ಗಮನವನ್ನು ನೋವಿನಿಂದ ಆಚೆ ಸೆಳೆಯುವುದಕ್ಕೆ. ಕೊನೆಗೆ ಅರಿಸಿನ ಹಚ್ಚಿ, ಒಂದು ಮೊರ ರಾಗಿ, ಎಲೆ ಅಡಿಕೆ, ಸಾಧ್ಯವಾದರೆ ಒಂದು ಹಳೆಯ ಸೀರೆ ಪಡೆದು ಮುಂದಿನ ಊರಿಗೆ ಹೋಗುವಳು. ಕಣಿ ಹೇಳುವವಳೂ ಅವಳೇ. ಡಾ. ಎಂ. ಶಿವರಾಂ ಅವರು 1942ರಲ್ಲಿ ತಮ್ಮ ಹಾಸ್ಯಪತ್ರಿಕೆಗೆ 'ಕೊರವಂಜಿ' ಎಂದು ಹೆಸರಿಟ್ಟಾಗ ನಾಡಿಗೆ ನಾಡೇ ಮೆಚ್ಚಿಕೊಂಡಿತು. ನಿಜವಾದ ಕೊರವಂಜಿಯನ್ನು ಮಾತ್ರ ನಾವು ಜಗುಲಿಯ ಮೇಲಕ್ಕೆ ಕರೆಯುತ್ತಿರಲಿಲ್ಲ.

1968ರಲ್ಲಿ ನಾನು ಹಿರಿಯೂರಿನ ಕಡೆಯ ಒಂದು ಹಳ್ಳಿಯಲ್ಲಿ ಹೊಸ ಮೇಷ್ಟರಾಗಿ ಎರಡನೆಯ ತರಗತಿಗೆ ಪಾಠ ಹೇಳುತ್ತಿದ್ದೆ. ಊರ ಹೊರಗೆ ಬಿಡಾರ ಹೂಡಿದ್ದವರ ಮಗಳೊಬ್ಬಳು ಬರುತ್ತಿದ್ದಳು. ವಯಸ್ಸು ಒಂಬತ್ತೋ ಹತ್ತೋ. ಅವಳ ಮೊಣಕಾಲಿನ ಕೆಳಗೆ ಅಡ್ಡಾದಿಡ್ಡಿ ಚುಕ್ಕೆಗಳಿದ್ದವು. ಕೇಳಿದರೆ, "ಅವ್ವ ಮೊದಲು ಸೋರೆಕಾಯಿ ಮೇಲೆ ಚುಚ್ಚಿಸ್ತಾಳೆ ಸಾ, ಆಮೇಲೆ ನಮ್ಮ ಕಾಲಿಗೇ" ಎಂದಳು. ತನ್ನ ನೋವನ್ನು ಅರಿತ ಮೇಲೆಯೇ ಇನ್ನೊಬ್ಬರ ತೋಳು ಹಿಡಿಯಬೇಕಂತೆ. ಒಂದು ದಿನ ಆಟದ ಹೊತ್ತಿನಲ್ಲಿ, ಊರಿನ ಅನುಕೂಲಸ್ಥರ ಮನೆಯ ಹುಡುಗಿಯೊಬ್ಬಳು ತಾನಾಗಿಯೇ ಕೇಳಿದ್ದಕ್ಕೆ, ಅವಳ ತೋಳಿಗೆ ಒಂದು ಬೊಟ್ಟು ಇಟ್ಟುಬಿಟ್ಟಳು. ಸಂಜೆಗೆ ದೂರು ಬಂತು. ಮರುದಿನ ನಾನು ವಿಚಾರಿಸಲಿಲ್ಲ. ಸೂಜಿ ಹಿಡಿದ ಆ ಕೈಗೇ ಆರು ಏಟು ಹೊಡೆದು ಹೊರಗೆ ಕಳಿಸಿದೆ. "ಕಳ್ಳ ಬುದ್ಧಿ" ಎಂಬ ಮಾತೂ ನನ್ನ ಬಾಯಿಂದ ಬಂತು. ಅವಳು ಮತ್ತೆ ಬರಲಿಲ್ಲ.

ಅವಳು ಕದ್ದದ್ದು ಏನೂ ಇರಲಿಲ್ಲ. ಆ ಮಾತು ನನ್ನ ನಾಲಗೆಗೆ ಬಂದ ದಾರಿಯನ್ನು ಎಷ್ಟೋ ವರ್ಷಗಳ ಬಳಿಕ ಓದಿ ತಿಳಿದೆ. ಕೊರವರು ಎತ್ತುಗಳ ಮೇಲೆ ಉಪ್ಪು, ದವಸ ಹೇರಿಕೊಂಡು ಊರೂರು ಸುತ್ತಿ ವ್ಯಾಪಾರ ಮಾಡುತ್ತಿದ್ದವರು. ಬ್ರಿಟಿಷರ ಉಪ್ಪಿನ ನೀತಿ ಮತ್ತು ರೈಲು ಸೇರಿ ಆ ಕಸುಬನ್ನು ಮುರಿದವು. 1871ರಲ್ಲಿ ಉತ್ತರ ಭಾರತಕ್ಕೆಂದು ಬಂದ ಅಪರಾಧಿ ಬುಡಕಟ್ಟುಗಳ ಕಾಯಿದೆಯನ್ನು 1911ರಲ್ಲಿ ಮದ್ರಾಸು ಪ್ರಾಂತ್ಯಕ್ಕೂ ವಿಸ್ತರಿಸಿದಾಗ ಕೊರವರೂ ಪಟ್ಟಿಗೆ ಸೇರಿದರು. ಪೊಲೀಸರಿಗೆ ಹಾಜರಿ ಕೊಡಬೇಕು, ಕೇಳದೆ ಊರು ಬಿಡುವಂತಿಲ್ಲ. ಊರೂರು ತಿರುಗಿದರೆ ಮಾತ್ರ ಅನ್ನ ಹುಟ್ಟುವ ಹಚ್ಚೆಯವಳಿಗೆ ಇದು ಎಂಥ ಕಟ್ಟು, ಯೋಚಿಸಿ. 1952ರ ಆಗಸ್ಟ್ 31ರಂದು ಕಾಯಿದೆ ರದ್ದಾಯಿತು. ಹದಿನಾರು ವರ್ಷದ ಮೇಲೂ ಅದು ನನ್ನ ಬೆತ್ತದ ತುದಿಯಲ್ಲಿತ್ತು.

ಜಾರ್ಜ್ ಬರ್ಚೆಟ್ ಎಂಬ ಇಂಗ್ಲಿಷ್ ಹುಡುಗನ ಕಥೆ ಓದಿದಾಗಲೂ ಅವಳೇ ನೆನಪಾದಳು. 1872ರಲ್ಲಿ ಬ್ರೈಟನ್ನಿನಲ್ಲಿ ಹುಟ್ಟಿದವನು. ಸಹಪಾಠಿಗಳಿಗೆ ಹಚ್ಚೆ ಹಾಕಿದನೆಂದು ಹನ್ನೆರಡನೆಯ ವಯಸ್ಸಿಗೆ ಶಾಲೆಯಿಂದ ಹೊರಹಾಕಿದರು. ಮರುವರ್ಷ ನೌಕಾಪಡೆ ಸೇರಿದ, ಮುಂದೆ ಅಲ್ಲಿಂದಲೂ ತಪ್ಪಿಸಿಕೊಂಡ. ಕೊನೆಗೆ ಲಂಡನ್ನಿನಲ್ಲಿ ರಾಜಮಹಾರಾಜರಿಗೇ ಹಚ್ಚೆ ಹಾಕಿ, 'ಹಚ್ಚೆಗಾರರ ರಾಜ'ನೆನಿಸಿ, 1953ರಲ್ಲಿ ತೀರಿಕೊಂಡ. ಅವನನ್ನು ಹೊರಹಾಕಿದ ಮೇಷ್ಟರ ಹೆಸರು ಯಾರಿಗೂ ನೆನಪಿಲ್ಲದಿರುವುದು ಆ ಮೇಷ್ಟರ ಪುಣ್ಯ.

1986ರಲ್ಲಿ ಒಂದು ಜಾತ್ರೆಗೆ ಹೋಗಿದ್ದೆ. ಆ ಹೊತ್ತಿಗೆ ಬ್ಯಾಟರಿ ಯಂತ್ರದ ಹಚ್ಚೆಯವರು ಸಾಲಾಗಿ ಕೂರತೊಡಗಿದ್ದರು. ಎಡಿಸನ್ನನ ವಿದ್ಯುತ್ ಲೇಖನಿಯನ್ನು ಅನುಸರಿಸಿ ಸ್ಯಾಮ್ಯುಯೆಲ್ ಓ'ರೈಲಿ 1891ರಲ್ಲಿ ನ್ಯೂಯಾರ್ಕಿನಲ್ಲಿ ಪೇಟೆಂಟ್ ಪಡೆದ ಯಂತ್ರದ ಮರಿಮಕ್ಕಳವು. ಜುಯ್ ಎನ್ನುವ ಸದ್ದಿನಲ್ಲಿ ಹಾಡು ಎಲ್ಲಿ ಕೇಳೀತು? ಒಂದೇ ಸೂಜಿ ಹತ್ತಾರು ಜನರ ರಕ್ತ ಮುಟ್ಟುತ್ತಿತ್ತೆಂಬುದು ಬೇರೆ ಭಯ. ಸಾಲಿನ ಕೊನೆಯಲ್ಲಿ, ಯಂತ್ರವಿಲ್ಲದೆ ಬರಿಯ ಸೂಜಿ ಹಿಡಿದು ಕುಳಿತಿದ್ದ ಹೆಂಗಸು, "ಮೇಷ್ಟ್ರೇ" ಎಂದು ಕೂಗಿದಳು. ನಾನು ಗುರುತಿಸಲಿಲ್ಲ; ಅವಳೇ ಹೇಳಿದಳು.

ಏಟಿನ ಮಾತನ್ನು ಅವಳು ಎತ್ತಲಿಲ್ಲ. ಈಗ ತೊಟ್ಟಿಲು, ತುಳಸಿಕಟ್ಟೆ ಕೇಳುವವರಿಲ್ಲವಂತೆ. ಎಲ್ಲರಿಗೂ ಹೆಸರು ಬೇಕಂತೆ. "ಕಮಲ, ರಾಜು ಅಂದ್ರೆ ಬರೀತೀನಿ ಸ್ವಾಮಿ. ಮಂಜಣ್ಣ, ಲಕ್ಷ್ಮಿ ಅಂದ್ರೆ ಪಕ್ಕದ ಮಿಷನ್ನಿನವರ ಹತ್ರ ಕಳಿಸ್ತೀನಿ." ಒತ್ತಕ್ಷರದ ಪಾಠಕ್ಕೆ ಮುಂಚೆಯೇ ನಾನು ಅವಳನ್ನು ಹೊರಗೆ ಕಳಿಸಿದ್ದೆ. ಬೇರೆಯವರ ಮೈಮೇಲೆ ತಪ್ಪು ಬರೆದರೆ ಅಳಿಸಲಾಗದೆಂದು ಅವಳು ಹದಿನೆಂಟು ವರ್ಷ ಒತ್ತಕ್ಷರದ ಹೆಸರುಗಳನ್ನೇ ಬಿಟ್ಟುಕೊಟ್ಟಿದ್ದಳು. ಕ್ಷಮಿಸು ಎನ್ನಲು ನನಗೆ ಬಾಯಿ ಬರಲಿಲ್ಲ. ಬೆಂಕಿಪೊಟ್ಟಣದಷ್ಟು ದೊಡ್ಡ ಅಕ್ಷರಗಳಲ್ಲಿ ಮೂವತ್ತನಾಲ್ಕು ಒತ್ತುಗಳನ್ನೂ ಎರಡು ಹಾಳೆಗಳ ಮೇಲೆ ಬರೆದುಕೊಟ್ಟೆ. ಅವಳು ಅಲ್ಲಿಯೇ ನೆಲದ ಮಣ್ಣಿನಲ್ಲಿ ಬೆರಳಿನಿಂದ 'ಣ್ಣ' ತಿದ್ದತೊಡಗಿದಳು. ತೇರು ಹೊರಡುವವರೆಗೂ ಕೂತಿದ್ದೆ.

ವಿದ್ಯಾರ್ಥಿಯ ಮಗಳೊಡನೆ ಮೊನ್ನೆ ಮಾತನಾಡಿದೆ. ಪ್ರತಿಯೊಬ್ಬರಿಗೂ ಹೊಸ ಸೂಜಿ, ಕೈಗವಸು ಎಂಬುದನ್ನೆಲ್ಲ ಅವಳೇ ನನಗೆ ವಿವರಿಸಿದಳು. ಸದ್ಯ ಕಿತ್ತಳೆಹಣ್ಣಿನ ಮೇಲೂ ಕೃತಕ ಚರ್ಮದ ಮೇಲೂ ಅಭ್ಯಾಸ ಮಾಡುತ್ತಿದ್ದಾಳಂತೆ. ಸೋರೆಕಾಯಿಯ ಕಥೆ ಹೇಳಿದಾಗ ನಕ್ಕಳು. ಕನ್ನಡದಲ್ಲಿ ಹೆಸರು ಕೇಳಿದರೆ ಬರೆಯುತ್ತೀಯೇನಮ್ಮ ಎಂದೆ. "ಅಜ್ಜಾ, ನಂದು ಇಂಗ್ಲಿಷ್ ಮೀಡಿಯಂ, ಒತ್ತಕ್ಷರ ತಪ್ಪಾಗುತ್ತೆ" ಎಂದಳು. ಭಾನುವಾರ ಮನೆಗೆ ಬರಲು ಹೇಳಿದ್ದೇನೆ.