ಬೀಬಾಪ್ ಸಂಗೀತವೂ ಮುದ್ರಿಕೆಗಳ ಸಾಕ್ಷ್ಯವೂ

ಶಾಸನಗಳನ್ನೋದಿ ಚರಿತ್ರೆಯನ್ನು ಬರೆಯುವವರಿಗೆ ಒಂದು ತೊಡಕು ಚೆನ್ನಾಗಿ ತಿಳಿದಿರುವುದು. ಕಲ್ಲಿನ ಮೇಲೆ ಉಳಿದುಬಂದ ಸಂಗತಿಯೇ ಆ ಕಾಲದ ಮುಖ್ಯ ಸಂಗತಿಯೆಂದು ನಂಬುವಂತಿಲ್ಲ. ಅಮೆರಿಕದ ಸಂಯುಕ್ತ ಸಂಸ್ಥಾನಗಳ ಜಾಝ್ ಸಂಗೀತದ ವಿಚಾರದಲ್ಲಿಯೂ ಇದೇ ತೊಡಕುಂಟು. ಅಲ್ಲಿ ಶಾಸನದ ಸ್ಥಾನದಲ್ಲಿರುವುದು ಗ್ರಾಮಫೋನ್ ತಟ್ಟೆ. ನಮ್ಮ ಆಲಾಪನೆ, ಸ್ವರಕಲ್ಪನೆಗಳಂತೆ ಆ ಸಂಗೀತವನ್ನೂ ವಾದಕನು ಆಯಾ ಕ್ಷಣದಲ್ಲಿ ಕಲ್ಪಿಸಿ ನುಡಿಸುವನಾದ್ದರಿಂದ, ತಟ್ಟೆಗೆ ಸಿಕ್ಕಿದ್ದು ಉಳಿಯಿತು, ಮಿಕ್ಕದ್ದು ಆ ರಾತ್ರಿಯೊಡನೆಯೇ ಹೋಯಿತು. ಬೀಬಾಪ್ ಮಾರ್ಗದ ಹಿರಿಯರಿಂದ ಹಿಡಿದು ಇಂದಿನವರ ವರೆಗಿನ ಮುದ್ರಿಕೆಗಳನ್ನು ತೂಗಿ ನೋಡುವವರು ಈ ಸಾಕ್ಷ್ಯದ ಸ್ವರೂಪವನ್ನು ಮೊದಲು ವಿಚಾರಿಸಬೇಕೆಂದು ನಮಗೆ ತೋರುತ್ತದೆ.

ಬೀಬಾಪ್ ಹುಟ್ಟಿದುದು 1940ರ ಆಚೀಚೆ, ನ್ಯೂಯಾರ್ಕ್ ನಗರದ ಹಾರ್ಲೆಮ್ ಭಾಗದಲ್ಲಿ. ದೊಡ್ಡ ಮೇಳಗಳಲ್ಲಿ ಹೊಟ್ಟೆಪಾಡಿಗಾಗಿ ಕುಣಿತದ ಸಂಗೀತವನ್ನು ನುಡಿಸಿ ಬಂದ ಆಫ್ರಿಕಾ ಮೂಲದ ತರುಣರು, ರಾತ್ರಿ ಹೊತ್ತು ಮೀರಿದ ಮೇಲೆ ಮಿಂಟನ್ಸ್ ಪ್ಲೇಹೌಸ್ ಎಂಬಲ್ಲಿ ಸೇರಿ ತಮ್ಮ ಸಂತೋಷಕ್ಕಾಗಿ ನುಡಿಸುತ್ತಿದ್ದರು. ಪಿಯಾನೋದಲ್ಲಿ ಥಲೋನಿಯಸ್ ಮಂಕ್, ಡ್ರಮ್ಮಿನಲ್ಲಿ ಕೆನ್ನಿ ಕ್ಲಾರ್ಕ್ ಅಲ್ಲಿನ ಖಾಯಂ ವಾದಕರು. 1941ರಲ್ಲಿ ಜೆರ್ರಿ ನ್ಯೂಮನ್ ಎಂಬ ವಿದ್ಯಾರ್ಥಿಯೊಬ್ಬನು ಒಂದು ಯಂತ್ರವನ್ನು ಅಲ್ಲಿಗೆ ಹೊತ್ತೊಯ್ದು, ಗಿಟಾರ್ ವಾದಕ ಚಾರ್ಲಿ ಕ್ರಿಶ್ಚಿಯನ್ನನ ವಾದನವನ್ನು ತಟ್ಟೆಯ ಮೇಲೆ ಕೊರೆದನು. ಮರು ವರ್ಷವೇ ಕ್ರಿಶ್ಚಿಯನ್ನನು ತನ್ನ 25ನೆಯ ವಯಸ್ಸಿನಲ್ಲಿ ತೀರಿಕೊಂಡನು. ಆ ವಿದ್ಯಾರ್ಥಿಗೆ ಆ ಉತ್ಸಾಹವಿಲ್ಲದಿದ್ದರೆ ಈ ಮಾರ್ಗದ ಬಾಲ್ಯದ ಬಗ್ಗೆ ನಾವು ಕೇವಲ ಊಹೆಯನ್ನು ನಂಬಬೇಕಾಗುತ್ತಿತ್ತು.

ಏಕೆಂದರೆ ಮುಂದೆ ಬಂದುದು ಮೌನದ ಕಾಲ. 1942ನೆಯ ಆಗಸ್ಟ್ 1ರಿಂದ ಅಮೆರಿಕದ ವಾದಕರ ಸಂಘವು ಜೇಮ್ಸ್ ಪೆಟ್ರಿಲ್ಲೋ ಎಂಬ ಅಧ್ಯಕ್ಷನ ಹಟದಿಂದ ಮುದ್ರಣದ ಕಂಪೆನಿಗಳಿಗೆ ನುಡಿಸುವುದನ್ನು ನಿಲ್ಲಿಸಿಬಿಟ್ಟಿತು. ತಟ್ಟೆ ತಿರುಗಿದಷ್ಟೂ ವಾದಕನ ಕೂಲಿ ತಪ್ಪುವುದೆಂಬುದು ಅವರ ದೂರು. ಅದು ನ್ಯಾಯವಾದ ದೂರೇ ಸರಿ. ಡೆಕ್ಕಾ ಕಂಪೆನಿಯು 1943ರಲ್ಲಿ ರಾಜಿಗೆ ಬಂದಿತು. ವಿಕ್ಟರ್, ಕೊಲಂಬಿಯಾಗಳು 1944ರ ನವೆಂಬರಿನ ವರೆಗೂ ಮಣಿಯಲಿಲ್ಲ. ಇದಲ್ಲದೆ ತಟ್ಟೆಗಳಿಗೆ ಬೇಕಾದ ಅರಗು ಬಹುಮಟ್ಟಿಗೆ ನಮ್ಮ ಹಿಂದೂಸ್ಥಾನದಿಂದಲೇ ಹೋಗುತ್ತಿದ್ದು, ಯುದ್ಧದ ದೆಸೆಯಿಂದ ಅದರ ಬಳಕೆಗೂ 1942ರಲ್ಲಿ ಕಟ್ಟುಪಾಡಾಯಿತು. ಸ್ಯಾಕ್ಸೊಫೋನಿನ ಚಾರ್ಲಿ ಪಾರ್ಕರನೂ ಟ್ರಂಪೆಟ್ಟಿನ ಡಿಜ್ಜಿ ಗಿಲೆಸ್ಪಿಯೂ 1943ರಲ್ಲಿ ಅರ್ಲ್ ಹೈನ್ಸನ ಮೇಳದಲ್ಲಿ ಜೊತೆಗೂಡಿ ನುಡಿಸಿದರು. ಆ ಮೇಳದ ಒಂದು ತಟ್ಟೆಯೂ ಆಗ ಹೊರಬರಲಿಲ್ಲ. ಹೀಗಾಗಿ 1945ರಲ್ಲಿ ಹೊಸ ತಟ್ಟೆಗಳನ್ನು ಕೇಳಿದ ಜನಕ್ಕೆ ಈ ಸಂಗೀತವು ಆಕಾಶದಿಂದ ಬಿದ್ದಂತೆ ತೋರಿತು. ಕೆಲವರು ಬೆರಗಾದರು, ಕೆಲವರು ಕೆಟ್ಟ ಗದ್ದಲವೆಂದು ಹಳಿದರು. ನಡುವಣ ಮೆಟ್ಟಿಲುಗಳನ್ನು ಕೇಳುವ ಅವಕಾಶ ಇಬ್ಬರಿಗೂ ಇರಲಿಲ್ಲ.

1945ನೆಯ ನವೆಂಬರ್ 26ರಂದು ಪಾರ್ಕರನು ತಾನೇ ನಾಯಕನಾಗಿ ಸವಾಯ್ ಕಂಪೆನಿಗೆ ಮೊದಲ ಬಾರಿ ನುಡಿಸಿದನು. ಅಂದಿನ ‘ಕೋ-ಕೋ’ ಎಂಬ ತಟ್ಟೆಯ ಗುಟ್ಟನ್ನು ನಮ್ಮ ವಾಚಕರಿಗೆ ಹೀಗೆ ಹೇಳಬಹುದು. ನಮ್ಮ ನಾಟಕದ ಕವಿಗಳು ಹಳೆಯ ಹಾಡಿನ ಮಟ್ಟನ್ನು ಇಟ್ಟುಕೊಂಡು ಹೊಸ ಮಾತನ್ನು ಕೂರಿಸುತ್ತಿದ್ದರಷ್ಟೆ. ಬೀಬಾಪಿನವರು ಮಟ್ಟನ್ನೇ ಎಸೆದು, ಅದರ ಕೆಳಗೆ ನಡೆಯುವ ಸ್ವರಮೇಳಗಳ ಸಾಲನ್ನು ಮಾತ್ರ ಇರಿಸಿಕೊಂಡು, ಅದರ ಮೇಲೆ ಬೇರೊಂದು ಗೀತವನ್ನು ಕಟ್ಟುವರು. ಕೋ-ಕೋವಿನ ತಳಹದಿ ರೇ ನೋಬಲ್ ಎಂಬಾತನ ‘ಚೆರೋಕಿ’. ಅಂದಿನ ಮೊದಲ ಪ್ರಯತ್ನದಲ್ಲಿ ವಾದಕರು ಚೆರೋಕಿಯ ಮಟ್ಟನ್ನೇ ನುಡಿಸತೊಡಗುವರು. ಕೂಡಲೇ ಅದು ನಿಂತುಹೋಗುತ್ತದೆ. ತಟ್ಟೆಯಲ್ಲಿ ಹಿಡಿಯುತ್ತಿದ್ದುದು ಮೂರು ನಿಮಿಷ. ಮಟ್ಟಿಗೆ ಎಡೆಕೊಟ್ಟರೆ ಕಲ್ಪನೆಗೆ ಎಡೆಯಿಲ್ಲ. ಮಟ್ಟಿನ ಒಡೆಯರಿಗೆ ಹಣ ತೆರಬೇಕಾಗುವುದೆಂಬ ಲೆಕ್ಕವೂ ಇದ್ದಿತೆಂದು ಹೇಳುವರು. ಹಾಗೆ ಉಳಿಸಿದ ಕಾಲದಲ್ಲಿ ಪಾರ್ಕರನು ಆವರ್ತನ ಎರಡನ್ನು, ಅಂದರೆ 128 ಅಳತೆಗಳನ್ನು, ಉಸಿರು ಕಟ್ಟುವ ವೇಗದಲ್ಲಿ ನುಡಿಸಿರುವನು. ಅಷ್ಟು ವೇಗದಲ್ಲಿಯೂ ವಾಕ್ಯಗಳು ಬಿಡಿಬಿಡಿಯಾಗಿ ಕೇಳುತ್ತವೆ. ಒಂದೊಂದಕ್ಕೂ ಆದಿ ಅಂತ್ಯಗಳುಂಟು. ಈ ತಟ್ಟೆಯನ್ನು ಮೀರಿದ್ದು ಬೀಬಾಪಿನಲ್ಲಿ ಇನ್ನೊಂದಿಲ್ಲವೆಂದೇ ನಮ್ಮ ಮತ. ಆದರೂ ಅದರ ಬಿಗಿಯಲ್ಲಿ ಪಾರ್ಕರನ ಪಾಲೆಷ್ಟು, ಮೂರು ನಿಮಿಷದ ಪಾಲೆಷ್ಟು ಎಂಬ ಸಂಶಯ ನಮ್ಮನ್ನು ಬಹಳ ಕಾಲ ಕಾಡಿದುದುಂಟು.

ಆ ಸಂಶಯವು ತೀರಿದುದು 2005ರಲ್ಲಿ. ಪಾರ್ಕರ್, ಗಿಲೆಸ್ಪಿಗಳು 1945ರ ಜೂನ್ 22ರಂದು ನ್ಯೂಯಾರ್ಕಿನ ಟೌನ್ ಹಾಲಿನಲ್ಲಿ ನುಡಿಸಿದುದರ ಮುದ್ರಿಕೆ ಆ ವರ್ಷ ಪ್ರಕಟವಾಯಿತು. ಅರುವತ್ತು ವರ್ಷ ಅದು ಇದೆಯೆಂದೇ ಲೋಕಕ್ಕೆ ತಿಳಿದಿರಲಿಲ್ಲ. ಅದರಲ್ಲಿ ಒಂದೊಂದು ಗೀತವೂ ತಟ್ಟೆಯ ಎರಡರಷ್ಟು ಕಾಲ ನಡೆಯುತ್ತದೆ. ಬಿಗಿಯು ಎಳ್ಳಷ್ಟೂ ಸಡಲಿಲ್ಲ.

ಅಭಿಮಾನವೂ ಸಾಕ್ಷ್ಯವನ್ನು ಕೆಡಿಸಬಲ್ಲುದು. ಡೀನ್ ಬೆನೆಡೆಟ್ಟಿ ಎಂಬಾತನು 1947, 48ರಲ್ಲಿ ಪಾರ್ಕರನು ಹೋದೆಡೆ ಯಂತ್ರವನ್ನೊಯ್ದು, ಪಾರ್ಕರನು ನುಡಿಸುವಾಗ ಮಾತ್ರ ಅದನ್ನು ನಡೆಸಿ, ಇತರರ ಸರದಿ ಬಂದೊಡನೆ ನಿಲ್ಲಿಸಿಬಿಡುತ್ತಿದ್ದನು. 1990ರಲ್ಲಿ ಹೊರಬಂದ ಆ ಸಂಗ್ರಹದಲ್ಲಿ ದೇವರುಂಟು, ಗುಡಿಯಿಲ್ಲ. ಇನ್ನು 1953ನೆಯ ಮೇ 15ರಂದು ಟೊರಾಂಟೋ ನಗರದ ಮ್ಯಾಸಿ ಹಾಲಿನ ಕಛೇರಿ. ಪಾರ್ಕರ್, ಗಿಲೆಸ್ಪಿ, ಬಡ್ ಪವೆಲ್, ಚಾರ್ಲ್ಸ್ ಮಿಂಗಸ್, ಮ್ಯಾಕ್ಸ್ ರೋಚ್ ಐವರೂ ಒಂದೇ ವೇದಿಕೆಯಲ್ಲಿ. ಅದೇ ರಾತ್ರಿ ಮುಷ್ಟಿಯುದ್ಧದ ಜಗಜಟ್ಟಿ ಪಂದ್ಯವಿದ್ದುದರಿಂದ ಕುರ್ಚಿಗಳು ಎಷ್ಟೋ ಖಾಲಿ. ಪಾರ್ಕರನ ಕೈಯಲ್ಲಿದ್ದುದು ಪ್ಲಾಸ್ಟಿಕ್ಕಿನ ಸ್ಯಾಕ್ಸೊಫೋನು. ಬೇರೆ ಕಂಪೆನಿಯೊಡನೆ ಕರಾರಿದ್ದುದರಿಂದ ತಟ್ಟೆಯ ಮೇಲೆ ಅವನ ಹೆಸರು ‘ಚಾರ್ಲಿ ಚಾನ್’. ತನ್ನ ತಂತಿಯ ನಾದ ಸರಿಯಾಗಿ ಕೇಳಲಿಲ್ಲವೆಂದು ಮಿಂಗಸನು ಆಮೇಲೆ ಅದನ್ನು ಮತ್ತೆ ನುಡಿಸಿ ಸೇರಿಸಿದನು. ನಮ್ಮ ಶಾಸನಜ್ಞರ ಕೈಗೆ ಇದು ಸಿಕ್ಕಿದ್ದರೆ ಕೂಟಶಾಸನವೆಂದು ಪಕ್ಕಕ್ಕಿಡುತ್ತಿದ್ದರೋ ಏನೋ! ಇದನ್ನು ಜಾಝಿನ ಅತ್ಯುತ್ತಮ ಕಛೇರಿಯೆಂದು ಹೊಗಳುವುದು ರೂಢಿ. ಪವೆಲ್ಲನ ವಾದನವೊಂದನ್ನು ಬಿಟ್ಟರೆ ಅಷ್ಟು ಹೊಗಳಿಕೆಗೆ ಕಾರಣ ನಮಗೆ ಕಾಣದು. ಎರಡು ವರ್ಷ ಕಳೆಯುವುದರೊಳಗೆ, 1955ರ ಮಾರ್ಚಿಯಲ್ಲಿ, ಪಾರ್ಕರನು 34ನೆಯ ವಯಸ್ಸಿನಲ್ಲಿ ತೀರಿಹೋದನು.

ಬಹುಕಾಲ ಬಾಳಿದವರ ಪಾಡು ಬೇರೆ. 1948ರಲ್ಲಿ ಉದ್ದ ತಟ್ಟೆ ಬಂದು ಕಾಲದ ಕಟ್ಟು ಸಡಲಿತು. ಸೋನಿ ರೋಲಿನ್ಸನ 1957ರ ವಿಲೇಜ್ ವ್ಯಾನ್‌ಗಾರ್ಡ್ ಮುದ್ರಿಕೆಯನ್ನು ಎಲ್ಲರೂ ಬಲ್ಲರು. 1972ರಿಂದಾಚೆಗೆ ಮುದ್ರಣಶಾಲೆಯಲ್ಲಿ ಅವನು ನುಡಿಸಿದ ತಟ್ಟೆಗಳನ್ನಷ್ಟೇ ಕೇಳಿದವನು ಮುದುಕನ ಕೈ ಸೋತಿತೆಂದು ತೀರ್ಪು ಕೊಟ್ಟಾನು. ಅಂಥವನು 2001ನೆಯ ಸೆಪ್ಟೆಂಬರ್ 15ರಂದು ಬಾಸ್ಟನ್ನಿನಲ್ಲಿ ನಡೆದ ಕಛೇರಿಯನ್ನು ಕೇಳಲಿ. ಗೋಪುರಗಳು ಬಿದ್ದು ನಾಲ್ಕು ದಿನವಾಗಿತ್ತು. ಅವುಗಳ ಸಮೀಪದ ತನ್ನ ಮನೆಯಿಂದ ಸ್ಯಾಕ್ಸೊಫೋನನ್ನು ಹೊತ್ತು ಹೊರಬಂದ ಎಪ್ಪತ್ತೊಂದರ ವಾದಕನ ನಾದವಿದು. ಅಲ್ಲಿ ಸೋಲಿನ ಸುಳಿವೇ ಇಲ್ಲ.

ಡ್ರಮ್ಮಿನ ರಾಯ್ ಹೇನ್ಸನಂತೂ ಪಾರ್ಕರನೊಡನೆ 1949ರಿಂದ ನುಡಿಸಿದವನು. 2024ರಲ್ಲಿ 99 ವರ್ಷದವನಾಗಿ ತೀರಿಕೊಂಡನು. ರಾಯ್ ಹಾರ್‌ಗ್ರೋವ್, ಕೆನ್ನಿ ಗ್ಯಾರೆಟ್ ಮೊದಲಾದ ಕಿರಿಯರನ್ನು ಕೂಡಿಸಿಕೊಂಡು 2001ರಲ್ಲಿ ಪಾರ್ಕರನ ಸ್ಮರಣೆಗೆ ಅವನು ಮುದ್ರಿಸಿದ ಸಂಪುಟದಲ್ಲಿ, ಕಿರಿಯರು ಪಾಠ ಒಪ್ಪಿಸುವಂತೆ ನುಡಿಸುವ ಕಡೆ ಹಿರಿಯನೇ ಅವರನ್ನು ಕೆಣಕುತ್ತಾನೆ. ಇಂದಿನವರಲ್ಲಿ ಅನೇಕರಿಗೆ ಈ ಒಪ್ಪಿಸುವ ಚಾಳಿಯುಂಟು. ಪಾರ್ಕರನ ತಟ್ಟೆಗಳನ್ನು ಅಕ್ಷರಶಃ ಬರೆದುಕೊಂಡು ಕಲಿತವರಿಗೆ ಅದು ಸಹಜ.

ಇದಕ್ಕೆ ಹೊರತಾದವರು ರುದ್ರೇಶ್ ಮಹಂತಪ್ಪನವರು. ಹೆಸರಿನ ಅರ್ಥವನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1971ರಲ್ಲಿ ಹುಟ್ಟಿ ಕೊಲರಾಡೋ ಪ್ರಾಂತದಲ್ಲಿ ಬೆಳೆದ ಇವರು, ಪಾರ್ಕರನ ವಾದ್ಯವನ್ನೇ ಹಿಡಿದವರು. ನಮ್ಮ ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥರೊಡನೆ ಇವರು ನುಡಿಸಿದ ‘ಕಿನ್ಸ್‌ಮೆನ್’ 2008ರಲ್ಲಿ ಪ್ರಕಟವಾಯಿತು. 2015ರ ‘ಬರ್ಡ್ ಕಾಲ್ಸ್’ ಸಂಪುಟವು ಪಾರ್ಕರನಿಗೆ ಅರ್ಪಿತವಾದರೂ ಅವನ ಗೀತಗಳನ್ನು ಅದರಲ್ಲಿ ಇದ್ದಂತೆ ನುಡಿಸಿಲ್ಲ. ಅವನ ರಚನೆಗಳಿಂದ ಎಳೆಗಳನ್ನು ಬಿಡಿಸಿಕೊಂಡು ಮಹಂತಪ್ಪನವರು ತಮ್ಮವೇ ಗೀತಗಳನ್ನು ನೆಯ್ದಿರುವರು. ಚೆರೋಕಿಗೆ ಪಾರ್ಕರನು ಮಾಡಿದುದನ್ನು ಇವರು ಪಾರ್ಕರನಿಗೇ ಮಾಡಿದಂತಾಯಿತು. ಎಲ್ಲ ಗೀತಗಳೂ ಒಂದೇ ತೂಕದವಲ್ಲ. ಕೆಲವೆಡೆ ಲೆಕ್ಕಾಚಾರವು ರಸವನ್ನು ಹಿಂದಕ್ಕೆ ತಳ್ಳುತ್ತದೆ. ಆದರೆ ಟ್ರಂಪೆಟ್ ಪ್ರವೇಶಿಸಿದಾಗ ಕೇಳುವವನು ನೆಟ್ಟಗೆ ಕುಳಿತುಕೊಳ್ಳುತ್ತಾನೆ. ಅದನ್ನು ನುಡಿಸಿದವರು ಇಪ್ಪತ್ತರ ಹರೆಯದ ಆಡಮ್ ಒಫಾರಿಲ್. ಇವರ ಅಜ್ಜ ಚಿಕೋ ಒಫಾರಿಲನು 1950ರಲ್ಲಿ ರಚಿಸಿದ ಒಂದು ದೊಡ್ಡ ಕೃತಿಯಲ್ಲಿ ಸ್ಯಾಕ್ಸೊಫೋನ್ ನುಡಿಸಿದವನು ಪಾರ್ಕರನೇ. ಆ ತಟ್ಟೆ ಇಂದಿಗೂ ಕೇಳಲು ಸಿಕ್ಕುತ್ತದೆ.